ಕುರ್ಚಿಯ ಕಥೆ: ಮರ ನಮ್ಮದು, ಕೈ ನಮ್ಮದು, ಹೆಸರು ಯಾರದು?

ನಮ್ಮಲ್ಲಿ 'ಕುರ್ಚಿ' ಎಂದೊಡನೆ ಮೊದಲು ನೆನಪಾಗುವುದು ರಾಜಕಾರಣ. ಕುರ್ಚಿಗಾಗಿ ಜಗಳ, ಕುರ್ಚಿ ಉಳಿಸಿಕೊಳ್ಳಲು ಹೆಣಗಾಟ, ಕುರ್ಚಿ ಕಳೆದುಕೊಂಡವರ ಗೋಳು. ಪತ್ರಿಕೆ ಓದುವವರಿಗೆ ಇದು ನಿತ್ಯದ ಸುದ್ದಿ. ಆದರೆ ಮರದಿಂದ ಮಾಡಿದ, ನಾವು ನಿಜವಾಗಿಯೂ ಕುಳಿತುಕೊಳ್ಳುವ ಕುರ್ಚಿಗೂ ಒಂದು ಇತಿಹಾಸವಿದೆ. ಅದನ್ನು ಕೇಳುವವರು ಕಡಿಮೆ.

ಇಂದು ಪೀಠೋಪಕರಣಗಳ ಮಳಿಗೆಗಳಲ್ಲಿ, ದೊಡ್ಡ ಹೋಟೆಲುಗಳ ಹಜಾರಗಳಲ್ಲಿ, ಮದುವೆ ಮಂಟಪಗಳ ವೇದಿಕೆಗಳಲ್ಲಿ 'ಆಂಟಿಕ್ ಶೈಲಿ'ಯ ಕೆತ್ತನೆ ಕುರ್ಚಿಗಳನ್ನು ನಾವು ಕಾಣುತ್ತೇವೆ. ಬೆನ್ನಿನ ಮೇಲೆ ಹೂಬಳ್ಳಿ, ತೋಳಿನ ತುದಿಯಲ್ಲಿ ಸಿಂಹದ ಮುಖ, ಬಾಗಿದ ಕಾಲುಗಳು, ಕಡುಗಪ್ಪು ಪಾಲಿಶ್. ಮಾರುವವರು ಅವುಗಳನ್ನು 'ವಿಕ್ಟೋರಿಯನ್', 'ಮಹಾರಾಜಾ', 'ಕಲೋನಿಯಲ್' ಎಂದು ಕರೆಯುತ್ತಾರೆ. ಆ ಹೆಸರುಗಳಲ್ಲಿ ರಾಣಿ ಇದ್ದಾಳೆ, ಮಹಾರಾಜ ಇದ್ದಾನೆ, ಹೊರಗಿನಿಂದ ಬಂದು ಆಳಿದವನೂ ಇದ್ದಾನೆ. ಕೆತ್ತಿದ ಬಡಗಿ ಇಲ್ಲ, ಕಡಿದ ಮರವೂ ಇಲ್ಲ. ಇವರಿಬ್ಬರು ಹೆಸರಿನಿಂದ ಕಾಣೆಯಾದದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ನಮ್ಮ ಕಾಡು, ನಮ್ಮ ಕರಾವಳಿ ಮತ್ತು ನಮ್ಮ ಕುಶಲಕರ್ಮಿಗಳ ಮೂರು ನಾಲ್ಕು ಶತಮಾನಗಳ ಕಥೆ ತೆರೆದುಕೊಳ್ಳುತ್ತದೆ.

ಪದ ಬಂದ ದಾರಿ

'ಕುರ್ಚಿ' ನಮ್ಮ ಭಾಷೆಗೆ ಬಂದುದು ಅರಬಿ ಮೂಲದ 'ಕುರ್ಸೀ' ಪದದಿಂದ. ಫಾರಸಿ ಮತ್ತು ಹಿಂದುಸ್ತಾನಿಗಳ ಮೂಲಕ ಅದು ಕನ್ನಡದ ಬಾಯಿಗೆ ಒಗ್ಗಿತು. ಅರಬಿಗೆ ಅದು ಅರಮಾಯಿಕ್ ಭಾಷೆಯಿಂದ ಬಂದಿತ್ತು. ಅದಕ್ಕೂ ಹಿಂದೆ ಹೋದರೆ ಮೆಸಪೊಟೇಮಿಯದ ಅಕ್ಕಾಡಿಯನ್ ಭಾಷೆಯ 'ಕುಸ್ಸು' ಸಿಗುತ್ತದೆ. ಪವಿತ್ರ ಕುರ್‌ಆನಿನ ಎರಡನೆಯ ಅಧ್ಯಾಯ ಅಲ್-ಬಕರದ 255ನೇ ಸೂಕ್ತ 'ಆಯತುಲ್ ಕುರ್ಸಿ' ಎಂದು ಹೆಸರಾಗಿರುವುದು ಇದೇ ಪದದಿಂದ. ಅಲ್ಲಿ ಅದು ದೇವನ ಆಧಿಪತ್ಯವನ್ನು ಸೂಚಿಸುವ ಮಾತು. ಶಾಲೆಯ ಮೇಷ್ಟ್ರ ಮುರುಕು ಕುರ್ಚಿಗೂ ಅದೇ ಪದ ಸಾಕಾಗುತ್ತದೆ ಎಂಬುದು ಭಾಷೆಯ ವಿಶೇಷ.

ಎತ್ತರದ ಆಸನ ನಮ್ಮ ನಾಡಿಗೆ ಹೊಸದೇನಲ್ಲ. ವೈದಿಕ ಸಾಹಿತ್ಯದಲ್ಲಿ 'ಆಸಂದಿ' ಎಂಬ ಪೀಠದ ಪ್ರಸ್ತಾಪವಿದೆ. ಅಮರಾವತಿಯ ಬೌದ್ಧ ಶಿಲ್ಪಗಳಲ್ಲಿ ಬೆನ್ನಿರುವ ಆಸನಗಳನ್ನು ಕಾಣಬಹುದು. ಆದರೆ ಸಾಮಾನ್ಯ ಜನ ಕೂರುತ್ತಿದ್ದುದು ಚಾಪೆ, ಮಣೆ, ಜಮಖಾನದ ಮೇಲೆ. ಸುಲ್ತಾನರ ಮತ್ತು ಮೊಗಲರ ದರ್ಬಾರುಗಳಲ್ಲೂ ಅರಸನೊಬ್ಬನಿಗೆ ಸಿಂಹಾಸನ. ಉಳಿದವರು ನಿಲ್ಲಬೇಕು, ಇಲ್ಲವೇ ನೆಲಹಾಸಿನ ಮೇಲೆ ಕೂರಬೇಕು. ಮನೆಯೊಳಗೆ ಸಾಲಾಗಿ ಕುರ್ಚಿಗಳನ್ನಿಟ್ಟು ಕೂರುವ ಪದ್ಧತಿ ಹರಡಿದ್ದು ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ನಮ್ಮ ಕರಾವಳಿಗಳಲ್ಲಿ ನೆಲೆಯೂರಿದ ಮೇಲೆ.

ಕುರ್ಚಿಯ ಪದ ಪಶ್ಚಿಮದಿಂದ ಬಂದರೆ ಮರ ಇಲ್ಲಿಂದ ಪಶ್ಚಿಮಕ್ಕೆ ಹೋಯಿತು. ಅರಬಿಯಲ್ಲಿ ತೇಗಕ್ಕೆ 'ಸಾಜ್' ಎನ್ನುತ್ತಾರೆ. ಅದು ಸಂಸ್ಕೃತದ 'ಶಾಕ'ದಿಂದ ಹುಟ್ಟಿದ ಪದ. ಪರ್ಷಿಯನ್ ಕೊಲ್ಲಿಯ ಸೀರಾಫ್ ಬಂದರಿನ ಸಿರಿವಂತರು ತೇಗದಿಂದ ಮನೆ ಕಟ್ಟಿಸಿದ್ದನ್ನು 10ನೇ ಶತಮಾನದ ಭೂಗೋಳಕಾರರು ದಾಖಲಿಸಿದ್ದಾರೆ. ಟ್ಯುನೀಸಿಯಾದ ಕೈರವಾನ್ ನಗರದ ಮಹಾ ಮಸೀದಿಯಲ್ಲಿ 9ನೇ ಶತಮಾನದ ಒಂದು ಮಿಂಬರ್ ಇದೆ. ಇಂದಿಗೂ ಉಳಿದಿರುವ ಮಿಂಬರ್‌ಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾದ ಆ ಪ್ರವಚನ ಪೀಠವನ್ನು ಮಾಡಿದ್ದು ತೇಗದಲ್ಲಿ. ಮುನ್ನೂರರಷ್ಟು ಕೆತ್ತನೆಯ ತುಂಡುಗಳನ್ನು ಜೋಡಿಸಿ ಕಟ್ಟಿದ ಅದು ಹನ್ನೊಂದು ಶತಮಾನಗಳನ್ನು ದಾಟಿ ನಿಂತಿದೆ. ತೇಗ ಬೆಳೆಯುವುದು ಭಾರತ ಮತ್ತು ಅದರ ಪೂರ್ವದ ದೇಶಗಳ ಕಾಡುಗಳಲ್ಲಿ. ಆ ಮರ ಆಫ್ರಿಕಾದ ಉತ್ತರ ತುದಿಯವರೆಗೆ ಹೋಗಿ ತಲುಪಿತ್ತೆಂದರೆ ಆಗಿನ ವ್ಯಾಪಾರದ ಹರವನ್ನು ಊಹಿಸಬಹುದು.

ಇಂಗ್ಲೆಂಡಿನ 'ಪ್ರಾಚೀನ' ಕುರ್ಚಿ

17ನೇ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಪೂರ್ವದ ಕೋರಮಂಡಲ ಕರಾವಳಿಯಲ್ಲಿ ಒಂದು ಬಗೆಯ ಕುರ್ಚಿಗಳು ತಯಾರಾಗುತ್ತಿದ್ದವು. ಮರ ಕಪ್ಪು ಎಬೊನಿ. ಹಗ್ಗದಂತೆ ತಿರುಚಿದ ಕಾಲುಗಳು, ಬೆತ್ತದಿಂದ ಹೆಣೆದ ಆಸನ, ಬೆನ್ನಿನ ತುಂಬ ಹೂವು, ಬಳ್ಳಿ, ಹಕ್ಕಿಗಳ ಕೆತ್ತನೆ. ಡಚ್ಚರು ಮತ್ತು ಇಂಗ್ಲಿಷರು ಅಲ್ಲಿ ಕೋಠಿಗಳನ್ನು ತೆರೆದಿದ್ದರು. ಯುರೋಪಿನ ಆಕಾರವನ್ನು ಸ್ಥಳೀಯ ಬಡಗಿಗಳಿಗೆ ತೋರಿಸಿ ಕುರ್ಚಿ ಮಾಡಿಸುತ್ತಿದ್ದರು. ಆಕಾರ ಅವರದು, ಹೂಬಳ್ಳಿ ನಮ್ಮ ಬಡಗಿಗಳದು. ಈ ಕುರ್ಚಿಗಳಲ್ಲಿ ಕೆಲವು ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು.

ನೂರು ವರ್ಷ ಕಳೆಯುವುದರೊಳಗೆ ಅವು ಎಲ್ಲಿಂದ ಬಂದವೆಂಬುದನ್ನು ಅಲ್ಲಿನ ಜನ ಮರೆತರು. 18ನೇ ಶತಮಾನದಲ್ಲಿ ಹೊರೇಸ್ ವಾಲ್ಪೋಲ್ ಎಂಬ ಪ್ರಸಿದ್ಧ ಲೇಖಕ, ಪುರಾತನ ವಸ್ತುಗಳ ಸಂಗ್ರಾಹಕ, ಲಂಡನ್ ಬಳಿಯ ತನ್ನ 'ಸ್ಟ್ರಾಬೆರಿ ಹಿಲ್' ಬಂಗಲೆಯನ್ನು ಹಳೆಯ ಇಂಗ್ಲಿಷ್ ವಸ್ತುಗಳಿಂದ ತುಂಬಿಸುತ್ತಿದ್ದ. ಈಶರ್ ಎಂಬಲ್ಲಿನ ಒಂದು ಬಂಗಲೆಯಲ್ಲಿ ಆತ ಇಂಥ ಕಪ್ಪು ಕುರ್ಚಿಗಳನ್ನು ಕಂಡಿದ್ದ. ಎಂಟನೆಯ ಹೆನ್ರಿಯ ಮಂತ್ರಿ ಕಾರ್ಡಿನಲ್ ವೂಲ್ಸಿ ಹಿಂದೆ ಆ ಬಂಗಲೆಯಲ್ಲಿ ವಾಸವಿದ್ದ. ಹಾಗಾದರೆ ಈ ಕುರ್ಚಿಗಳು ವೂಲ್ಸಿಯ ಕಾಲದವು, ಶುದ್ಧ ಟ್ಯೂಡರ್ ಶೈಲಿಯವು ಎಂದು ವಾಲ್ಪೋಲ್ ತೀರ್ಮಾನಿಸಿದ. 1763ರಲ್ಲಿ ಒಂದು ಹರಾಜಿನಲ್ಲಿ ಅಂಥ ಕುರ್ಚಿಗಳನ್ನು ಕೊಂಡು ತಂದು ಹೆಮ್ಮೆಯಿಂದ ಇಟ್ಟುಕೊಂಡ.

ವೂಲ್ಸಿ ಸತ್ತಿದ್ದು 1530ರಲ್ಲಿ. ಆ ಕುರ್ಚಿಗಳು ತಯಾರಾದದ್ದು ಆತ ಸತ್ತು ಸುಮಾರು ನೂರಮೂವತ್ತು ವರ್ಷಗಳ ನಂತರ, ಭಾರತದಲ್ಲಿ. ಆದರೆ ದೊಡ್ಡವರ ಮಾತಿಗೆ ತೂಕ ಹೆಚ್ಚು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಪ್ರಾಚೀನ ಪೀಠೋಪಕರಣಗಳ ಬಗ್ಗೆ ಬಂದ ಚಿತ್ರ ಪುಸ್ತಕದಲ್ಲೂ ಇವುಗಳಿಗೆ ಜಾಗ ಸಿಕ್ಕಿತು. 'ಎಲಿಜಬೆತನ್ ಶೈಲಿ'ಯ ಕುರ್ಚಿ ಬೇಕೆಂದ ಶ್ರೀಮಂತರಿಗೆ ಲಂಡನ್ನಿನ ಬಡಗಿಗಳು ಇವುಗಳನ್ನೇ ನೋಡಿ ನಕಲು ಮಾಡಿಕೊಟ್ಟರು. ಅಂದರೆ ತಮಿಳು, ತೆಲುಗು ನಾಡಿನ ಬಡಗಿಯ ಕೈಕೆಲಸ ಇಂಗ್ಲೆಂಡಿನಲ್ಲಿ ಇಂಗ್ಲಿಷರ ಸ್ವಂತ ಪರಂಪರೆಯಾಗಿ ನಕಲುಗೊಂಡಿತು. 'ಆಂಟಿಕ್ ಶೈಲಿ' ಎಂಬ ಮಾತಿನ ಹಿಂದೆ ಎಂಥ ಮರೆವು ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಮರಗಳ ಗುಣ

ಕುರ್ಚಿಯ ಅರ್ಧ ಚರಿತ್ರೆ ಮರದಲ್ಲಿರುತ್ತದೆ. ಎಬೊನಿ ನೀರಿನಲ್ಲಿ ಮುಳುಗುವಷ್ಟು ಭಾರವಾದ ಮರ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಬೆಳೆಯುತ್ತದೆ. ಕೆಲಸ ಮಾಡುವಾಗ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಆದರೆ ಅತಿ ಸಣ್ಣ ಗೆರೆಯೂ ಅದರಲ್ಲಿ ಸ್ಪಷ್ಟವಾಗಿ ನಿಲ್ಲುತ್ತದೆ.

ನಮ್ಮ ಪಶ್ಚಿಮ ಘಟ್ಟದ ಬೀಟೆ ಇನ್ನೊಂದು ಬಗೆ. ಇಂಗ್ಲಿಷರು ಇದನ್ನು ರೋಸ್‌ವುಡ್ ಎಂದರು. ಹೊಸದಾಗಿ ಸೀಳಿದಾಗ ಬರುವ ಗುಲಾಬಿಯಂಥ ನಸುಗಂಪೇ ಅದಕ್ಕೆ ಕಾರಣ. ಮುಂಬಯಿಯವರು ಅದನ್ನೇ ಬ್ಲ್ಯಾಕ್‌ವುಡ್ ಎಂದರು. ತಿರುಳು ನೇರಳೆ ಮಿಶ್ರಿತ ಕಂದು, ನಡುವೆ ಕಪ್ಪು ಗೆರೆಗಳು. ವರ್ಷಗಳು ಕಳೆದಂತೆ ಬಣ್ಣ ಇನ್ನೂ ಗಾಢವಾಗುತ್ತದೆ. ಬಾಗಿದ ಕಾಲು, ತೂತು ತೂತಾದ ಜಾಲರಿ ಕೆತ್ತನೆ ಇವೆಲ್ಲವನ್ನು ಬೀಟೆ ತಾಳಿಕೊಳ್ಳುತ್ತದೆ. ಆದರೆ ಅದು ಬಹಳ ನಿಧಾನವಾಗಿ ಬೆಳೆಯುವ ಮರ. ಅಜ್ಜ ನೆಟ್ಟರೆ ಮೊಮ್ಮಗನಿಗೆ ಸಿಕ್ಕೀತು.

ತೇಗದಲ್ಲಿ ಎಣ್ಣೆಯ ಅಂಶವಿದೆ. ಗೆದ್ದಲು ಹತ್ತುವುದು ಅಪರೂಪ, ಮಳೆ ಬಿಸಿಲಿಗೆ ಸುಲಭವಾಗಿ ಬಾಗುವುದಿಲ್ಲ. ಅದಕ್ಕೇ ಹಡಗಿಗೂ ಅದು ಬೇಕು, ಕುರ್ಚಿಗೂ ಬೇಕು. ಮಲೆನಾಡಿನ ಮತ್ತು ಕಾಫಿ ಸೀಮೆಯ ಹಳೆಯ ಮನೆಗಳ ಜಗಲಿಯಲ್ಲಿ ಉದ್ದ ತೋಳಿನ ಆರಾಮ ಕುರ್ಚಿಗಳಿರುತ್ತವಲ್ಲ, ಅವುಗಳಲ್ಲಿ ಹೆಚ್ಚಿನವು ತೇಗ ಅಥವಾ ಬೀಟೆಯವು. ಕರಾವಳಿಯ ಮನೆಗಳಲ್ಲಿ ಹಲಸಿನ ಮರಕ್ಕೂ ಗೌರವವಿತ್ತು. ಮೊದಲು ಹಳದಿಯಾಗಿದ್ದು ಕಾಲಕ್ರಮೇಣ ಜೇನು ಬಣ್ಣಕ್ಕೆ, ಮತ್ತೆ ಕಂದಿಗೆ ತಿರುಗುವ ಮರ ಅದು. ಉತ್ತರದಲ್ಲಿ ಶೀಶಮ್ ಇದೆ. ಅದು ನಮ್ಮ ಬೀಟೆಯ ದಾಯಾದಿ. ಕಾಶ್ಮೀರದಲ್ಲಿ ಅಕ್ರೋಟ್ ಮರ. ಯುರೋಪಿಯನ್ನರಿಗೆ ಅಚ್ಚುಮೆಚ್ಚಾದ ಮಹಾಗನಿ ಮಾತ್ರ ಇಲ್ಲಿಯದಲ್ಲ. ಅದು ಅಮೆರಿಕ ಖಂಡದ ಮರ. 18ನೇ ಶತಮಾನದ ಕೊನೆಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದು ನೆಡಲಾಯಿತು.

19ನೇ ಶತಮಾನದಲ್ಲಿ ಬೀಟೆಗೆ ದೊಡ್ಡ ಮಾರುಕಟ್ಟೆಯಾದದ್ದು ಮುಂಬಯಿ. ಮಲಬಾರ್ ಮತ್ತು ಕೆನರಾ ಕರಾವಳಿಯಿಂದ ಹೋದ ಮರವನ್ನು ಅಲ್ಲಿನ ಕುಶಲಕರ್ಮಿಗಳು ದಟ್ಟ ಕೆತ್ತನೆಯ ಸೋಫಾ, ಕುರ್ಚಿ, ಮೇಜುಗಳನ್ನಾಗಿ ಮಾಡಿದರು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನಕ್ಕೂ ಅಂಥವು ಹೋದವು. ಕಲ್ಲಿಕೋಟೆಯ ಕಲ್ಲಾಯಿ ಆ ಕಾಲದ ದೊಡ್ಡ ಮರದ ಪೇಟೆಗಳಲ್ಲಿ ಒಂದು. ಅಲ್ಲಿ ಮಾಪಿಳ್ಳೆ ಮುಸ್ಲಿಂ ವ್ಯಾಪಾರಿಗಳು ಪ್ರಮುಖರಾಗಿದ್ದರು. ಕಾಡಿನಲ್ಲಿ ಮರ ಎಳೆದ ಆನೆಯ ಮಾವುತ, ಹೊಳೆಯಲ್ಲಿ ದಿಮ್ಮಿ ತೇಲಿಸಿದ ಕೂಲಿ, ಪೇಟೆಯ ವ್ಯಾಪಾರಿ, ಪಟ್ಟಣದ ಬಡಗಿ ಇವರೆಲ್ಲ ಬೇರೆ ಬೇರೆ ಜಾತಿ ಧರ್ಮಗಳವರು. ಒಂದು ಕುರ್ಚಿಯಲ್ಲಿ ಇವರೆಲ್ಲರ ಬೆವರಿದೆ.

ಕಾಡಿಗೆ ಒಡೆಯರು ಬಂದರು

ಬೆಲೆಬಾಳುವ ಮರದ ಮೇಲೆ ಅರಸರ ಕಣ್ಣು ಮೊದಲಿನಿಂದಲೂ ಇತ್ತು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದರು. ತಿರುವಾಂಕೂರಿನಲ್ಲಿ ತೇಗ, ಬೀಟೆ, ಎಬೊನಿ, ಶ್ರೀಗಂಧಗಳು ಅರಸನ ಮರಗಳಾಗಿದ್ದವು. ಆದರೆ ಈಸ್ಟ್ ಇಂಡಿಯಾ ಕಂಪೆನಿಯ ಹಸಿವು ಬೇರೆಯೇ ಪ್ರಮಾಣದ್ದು. ಹಡಗು ಕಟ್ಟಲು ತೇಗ ಬೇಕೆಂದು ಅದು 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಹೆಸರು ಸಂರಕ್ಷಕ, ಮಾಡಿದ್ದು ಮಲಬಾರಿನ ಮರದ ಮೇಲೆ ಕಂಪೆನಿಯ ಏಕಸ್ವಾಮ್ಯ ಸ್ಥಾಪನೆ. ಜನರ ಮತ್ತು ವ್ಯಾಪಾರಿಗಳ ಅಸಮಾಧಾನ ಹೆಚ್ಚಿ 1823ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ರದ್ದು ಮಾಡಬೇಕಾಯಿತು. 1840ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗದ ನೆಡುತೋಪು ಎದ್ದಿತು. 1864ರಲ್ಲಿ ಅರಣ್ಯ ಇಲಾಖೆ ಬಂತು, 1865 ಮತ್ತು 1878ರಲ್ಲಿ ಅರಣ್ಯ ಕಾಯಿದೆಗಳು ಬಂದವು. ಕಾಡಿನಲ್ಲಿ ಬದುಕುತ್ತಿದ್ದವರು ಕಾಡಿನ ಕಳ್ಳರೆನಿಸಿಕೊಳ್ಳುವ ಕಾಲವೂ ಅದರೊಂದಿಗೆ ಬಂತು.

ತೇಗಕ್ಕಾಗಿ ಒಂದು ರಾಜ್ಯವೇ ಹೋದ ಉದಾಹರಣೆಯೂ ಇದೆ. ಬರ್ಮಾದ ಕಾಡಿನಲ್ಲಿ ತೇಗ ಕಡಿಯುತ್ತಿದ್ದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಶನ್ ಲೆಕ್ಕಕ್ಕಿಂತ ಹೆಚ್ಚು ಮರ ಸಾಗಿಸಿತೆಂದು ಬರ್ಮಾ ಸರಕಾರ ಭಾರೀ ದಂಡ ಹಾಕಿತು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1885ರಲ್ಲಿ ಯುದ್ಧ ಹೂಡಿದರು. ದೊರೆ ಥೀಬಾನನ್ನು ಪದಚ್ಯುತಗೊಳಿಸಿ ನಮ್ಮ ನೆರೆಯ ರತ್ನಾಗಿರಿಗೆ ತಂದು ಇರಿಸಿದರು. ಆತ 1916ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದ. ಭಾರತದ ಬಂಗಲೆಗಳ 'ಬರ್ಮಾ ಟೀಕ್' ಕುರ್ಚಿಗಳ ಹಿಂದೆ ಇಂಥದ್ದೊಂದು ಚರಿತ್ರೆ ಇದೆ.

ಕೂರುವ ಹಕ್ಕು

ಬ್ರಿಟಿಷರ ಕಾಲದಲ್ಲಿ ಕುರ್ಚಿ ಬರೀ ಪೀಠೋಪಕರಣವಾಗಿ ಉಳಿಯಲಿಲ್ಲ. ಅಧಿಕಾರಿಯ ಎದುರು ಕುರ್ಚಿಯಲ್ಲಿ ಕೂರುವ ಯೋಗ್ಯತೆ ಯಾರಿಗಿದೆ ಎಂಬುದಕ್ಕೆ ಪಟ್ಟಿಗಳಿದ್ದವು. ಪಂಜಾಬ್ ಮೊದಲಾದ ಕಡೆ ಆ ಹಕ್ಕು ಪಡೆದವರನ್ನು 'ಕುರ್ಸಿನಶೀನ್' ಎಂದು ಕರೆಯುತ್ತಿದ್ದರು. ಅದಕ್ಕೆ ಪ್ರಮಾಣಪತ್ರ ಕೊಡುತ್ತಿದ್ದರು. ಪಡೆದವರು ಅದನ್ನು ಕುಟುಂಬದ ಆಸ್ತಿಯಂತೆ ಜೋಪಾನ ಮಾಡುತ್ತಿದ್ದರು. ನಮ್ಮದೇ ನೆಲದಲ್ಲಿ, ನಮ್ಮದೇ ಮರದ ಕುರ್ಚಿಯಲ್ಲಿ ಕೂರಲು ಪರದೇಶಿಯ ಅನುಮತಿ! ಆ ಕುರ್ಚಿಯನ್ನು ತಿಂಗಳುಗಟ್ಟಲೆ ಕೆತ್ತಿದ ಬಡಗಿಯ ಹೆಸರು ಯಾವ ಪಟ್ಟಿಯಲ್ಲೂ ಬರುವಂತಿರಲಿಲ್ಲ. ಅವನು ನೆಲದಲ್ಲಿ ಕುಳಿತು ಕೆತ್ತಿದ, ಕುರ್ಚಿಯನ್ನು ಹೊತ್ತು ಬಂಗಲೆಗೆ ತಲುಪಿಸಿದ, ಹೊರಗೆ ನಿಂತು ಕೂಲಿ ಪಡೆದ.

ಎಲ್ಲ ಕಾಲದಲ್ಲೂ ಎಲ್ಲ ಕಡೆಯಲ್ಲೂ ಹೀಗಿರಲಿಲ್ಲ. ಕೈರೋದ ಇಸ್ಲಾಮಿಕ್ ಕಲಾ ವಸ್ತುಸಂಗ್ರಹಾಲಯದಲ್ಲಿ ಮಮ್ಲೂಕ್ ಸುಲ್ತಾನ್ ನಾಸಿರ್ ಮುಹಮ್ಮದ್‌ಗಾಗಿ 1327-28ರಲ್ಲಿ ಮಾಡಿದ ಹಿತ್ತಾಳೆಯ ಒಂದು ಪೀಠವಿದೆ. ಅದನ್ನೂ 'ಕುರ್ಸೀ' ಎಂದೇ ಕರೆಯುತ್ತಾರೆ. ಅದರ ಮೇಲೆ ಸುಲ್ತಾನನ ಹೆಸರಿನ ಜೊತೆಗೆ ಅದನ್ನು ಮಾಡಿದ ಮುಹಮ್ಮದ್ ಇಬ್ನ್ ಸುನ್ಕುರ್ ಅಲ್-ಬಗ್ದಾದಿಯ ಹೆಸರೂ ಕೆತ್ತಲ್ಪಟ್ಟಿದೆ. ಏಳು ಶತಮಾನಗಳ ನಂತರವೂ ಆ ಕುಶಲಕರ್ಮಿ ಅನಾಮಿಕನಾಗಿಲ್ಲ. ನಮ್ಮ ಕೋರಮಂಡಲದ, ಮುಂಬಯಿಯ ಕುರ್ಚಿ ಕೆತ್ತಿದವರಿಗೆ ಆ ಭಾಗ್ಯ ಸಿಗಲಿಲ್ಲ.

ಮೈಸೂರಿನ ಕೈಗಳು

ಕರ್ನಾಟಕದಲ್ಲಿ ಮರದ ಕೆಲಸಕ್ಕೆ ಎರಡು ದೊಡ್ಡ ಪರಂಪರೆಗಳಿವೆ. ಒಂದು ಸೊರಬ, ಸಾಗರ, ಶಿರಸಿ ಸುತ್ತಲಿನ ಗುಡಿಗಾರರ ಶ್ರೀಗಂಧದ ಕೆತ್ತನೆ. ಇನ್ನೊಂದು ಮೈಸೂರಿನ ಬೀಟೆ ಮರದ ಕುಸುರಿ ಕೆಲಸ. ಬೀಟೆಯ ಮೇಲೆ ಚಿತ್ರ ಬರೆದು, ಉಳಿಯಿಂದ ಆಳವಿಲ್ಲದ ಗುಂಡಿ ತೋಡಿ, ಬೇರೆ ಬಣ್ಣದ ಮರ ಅಥವಾ ದಂತದ ತುಂಡುಗಳನ್ನು ಕೂದಲಷ್ಟೂ ಸಂದು ಉಳಿಯದಂತೆ ಕೂರಿಸಿ, ಅಂಟಿಸಿ, ಉಜ್ಜಿ, ಪಾಲಿಶ್ ಕೊಡುವ ಕಲೆ ಇದು. ಕುರ್ಚಿಯ ಬೆನ್ನು, ಮೇಜಿನ ಹಲಗೆ, ಬಾಗಿಲು ಎಲ್ಲಕ್ಕೂ ಇದು ಒಗ್ಗುತ್ತದೆ. ಈ ಕೆಲಸದಲ್ಲಿ ತಲೆಮಾರುಗಳಿಂದ ತೊಡಗಿದವರಲ್ಲಿ ಮೈಸೂರಿನ ಮುಸ್ಲಿಂ ಕುಟುಂಬಗಳದು ದೊಡ್ಡ ಪಾಲು. ಮೈಸೂರಿನ ಒಡೆಯರು ಈ ಕಲೆಗೆ ಆಶ್ರಯ ಕೊಟ್ಟರು. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ 1912ರವರೆಗೆ ಕಟ್ಟಿದ ಇಂದಿನ ಅರಮನೆಯಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲುಗಳನ್ನು ಈಗಲೂ ಕಾಣಬಹುದು. ಅದರಲ್ಲೊಂದು ಗಣೇಶನ ಗುಡಿಗೆ ತೆರೆಯುತ್ತದೆ. ದಸರಾದಲ್ಲಿ ಜನ ಕಣ್ತುಂಬಿಕೊಳ್ಳುವ ಚಿನ್ನದ ಸಿಂಹಾಸನದ ಒಳಗಿರುವುದೂ ಮರವೇ. ಅದು ಮೂಲತಃ ಅತ್ತಿಮರದ ಆಸನ.

ದಂತದ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986 ಮತ್ತು 1991ರಲ್ಲಿ ತಂದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ಪೂರ್ತಿ ನಿಲ್ಲಿಸಿದವು. ಆನೆಯ ಜೀವ ಉಳಿಯಬೇಕಾದರೆ ಅದು ಆಗಲೇಬೇಕಿತ್ತು. ಕುಶಲಕರ್ಮಿಗಳು ದಂತದ ಬದಲು ಪ್ಲಾಸ್ಟಿಕ್ ಮತ್ತು ಬಗೆಬಗೆಯ ಮರದ ತುಂಡುಗಳಿಗೆ ಹೊರಳಿದರು. 2005ರಲ್ಲಿ ಮೈಸೂರು ಬೀಟೆ ಕುಸುರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಷ್ಟರಲ್ಲಿ ಬೀಟೆಯೇ ಅಪರೂಪವಾಗಿತ್ತು. ಇಂದು ಅದು ಅಪಾಯದಂಚಿನಲ್ಲಿರುವ ಮರಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. 2017ರ ಜನವರಿಯಿಂದ ಬೀಟೆ, ಶೀಶಮ್ ಸೇರಿದಂತೆ ಆ ಇಡೀ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿರ್ಬಂಧ ಬಂತು. ಮುಂದೆ ಸಣ್ಣ ವಸ್ತುಗಳಿಗೆ ಸ್ವಲ್ಪ ರಿಯಾಯಿತಿ ಸಿಕ್ಕಿದೆ, ಆದರೆ ಭಾರವಾದ ಕುರ್ಚಿಗೆ ಕಾಗದಪತ್ರಗಳ ಕಾಟ ತಪ್ಪಿಲ್ಲ. ಇಲ್ಲಿ ಒಂದು ನ್ಯಾಯದ ಪ್ರಶ್ನೆ ಇದೆ. ಹಡಗುಗಟ್ಟಲೆ ಮರ ಸಾಗಿಸಿದವರು ಲಾಭ ಮಾಡಿಕೊಂಡು ಹೋದರು. ಉಳಿದ ಚೂರುಪಾರು ಮರದಲ್ಲಿ ಬದುಕು ಕಟ್ಟಿಕೊಳ್ಳಬೇಕಾದವನು ಇಂದಿನ ಕುಶಲಕರ್ಮಿ. ಕಾಡನ್ನು ಬರಿದು ಮಾಡಿದವನು ಅವನಲ್ಲ, ಆದರೆ ಬರಿದಾದ ಕಾಡಿನ ಕಷ್ಟ ಅವನ ಮನೆಗೇ ಬಂದಿದೆ.

ಹೊಸದಕ್ಕೆ ಹಳೆಯ ವೇಷ

ಇಂದಿನ 'ಆಂಟಿಕ್ ಶೈಲಿ'ಯ ಕುರ್ಚಿಗಳು ಹೆಚ್ಚಾಗಿ ಬರುವುದು ಉತ್ತರ ಪ್ರದೇಶದ ಸಹಾರನ್‌ಪುರ, ರಾಜಸ್ಥಾನದ ಜೋಧ್‌ಪುರದಂಥ ಊರುಗಳಿಂದ. ಸಹಾರನ್‌ಪುರದ ಕೆತ್ತನೆಗಾರರಲ್ಲಿ ಮುಸ್ಲಿಮರೇ ಹೆಚ್ಚು. ಮರ ಶೀಶಮ್ ಅಥವಾ ಮಾವು. ಮಾವಿನ ಮರಕ್ಕೆ ಕಪ್ಪು ಬಣ್ಣ ಬಳಿದು, ಅಲ್ಲಲ್ಲಿ ಉಜ್ಜಿ, ಸವೆದಂತೆ ಕಾಣಿಸಿದರೆ ನೂರು ವರ್ಷದ ಕುರ್ಚಿ ಸಿದ್ಧ. ಈಗ ಗಣಕಯಂತ್ರದಿಂದ ನಡೆಯುವ ಕೆತ್ತನೆ ಯಂತ್ರಗಳೂ ಬಂದಿವೆ. ಶೈಲಿ ಹಳೆಯದಾಗಿದ್ದರೆ ತಪ್ಪಿಲ್ಲ, ಮಾವಿನ ಮರವೂ ಕೀಳಲ್ಲ. ತಪ್ಪಿರುವುದು ಮಾವನ್ನು ಬೀಟೆಯೆಂದು, ಯಂತ್ರದ ಕೆಲಸವನ್ನು ಕೈಕೆಲಸವೆಂದು, ಹೋದ ವರ್ಷದ್ದನ್ನು ಅಜ್ಜನ ಕಾಲದ್ದೆಂದು ಹೇಳಿ ಮಾರುವುದರಲ್ಲಿ.

ಕೊಳ್ಳುವವರು ಕೆಲವು ಸಂಗತಿಗಳನ್ನು ಗಮನಿಸಬಹುದು. ಕುರ್ಚಿಯನ್ನು ಬೋರಲು ಹಾಕಿ ನೋಡಬೇಕು. ಪಾಲಿಶ್ ಕಾಣದ ಅಡಿಭಾಗದಲ್ಲಿ ಮರದ ನಿಜ ಬಣ್ಣ ತಿಳಿಯುತ್ತದೆ. ಕೈಯಿಂದ ಕೆತ್ತಿದ ಎಡದ ಹೂವು ಮತ್ತು ಬಲದ ಹೂವು ಅಚ್ಚೊತ್ತಿದಂತೆ ಒಂದೇ ಆಗಿರುವುದಿಲ್ಲ. ನಿಜವಾಗಿ ಹಳೆಯ ಕುರ್ಚಿ ಸವೆದಿರುವುದು ಕೈ ಇಡುವಲ್ಲಿ, ಕಾಲು ತಾಗುವಲ್ಲಿ. ಎಲ್ಲ ಕಡೆ ಒಂದೇ ರೀತಿ ಸವೆದಿದ್ದರೆ ಅದು ಉಜ್ಜು ಕಾಗದದ ಕೆಲಸ. ಒಳ್ಳೆಯ ಹಳೆಯ ಕುರ್ಚಿಯ ಸಂದುಗಳಲ್ಲಿ ಕಬ್ಬಿಣದ ಮೊಳೆ ಕಡಿಮೆ. ಒಂದು ತುಂಡಿನ ತುದಿಯನ್ನು ಇನ್ನೊಂದರ ತೂತಿನಲ್ಲಿ ಬಿಗಿಯಾಗಿ ಕೂರಿಸಿ ಮರದ ಬೆಣೆ ಹೊಡೆದಿರುತ್ತಾರೆ.

ಇದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ನಮ್ಮಲ್ಲಿ ಅನೇಕರ ಮನೆಯ ಅಟ್ಟದಲ್ಲಿ ಕಾಲು ಮುರಿದ, ಬೆತ್ತ ಹರಿದ ಹಳೆಯ ಕುರ್ಚಿ ಬಿದ್ದಿರುತ್ತದೆ. ಗುಜರಿಯವನು ಅದಕ್ಕೆ ಸೌದೆಯ ಬೆಲೆ ಕಟ್ಟುತ್ತಾನೆ. ನಾವು ಅದನ್ನು ಕೊಟ್ಟು ಪ್ಲಾಸ್ಟಿಕ್ ಕುರ್ಚಿ ತರುತ್ತೇವೆ, ಮುಂದೆ ಹಣ ಬಂದಾಗ ಅಂಗಡಿಯಿಂದ 'ಆಂಟಿಕ್' ಕೊಳ್ಳುತ್ತೇವೆ. ಬೆತ್ತ ಹೆಣೆಯುವವರು, ಕಾಲು ಜೋಡಿಸುವ ಬಡಗಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕರೆದು ರಿಪೇರಿ ಮಾಡಿಸಿದರೆ ಒಂದು ಮರ ಉಳಿಯುತ್ತದೆ, ಒಂದು ಮನೆಗೆ ಕೂಲಿ ಸಿಗುತ್ತದೆ.

ಹೊಸದಾಗಿ ಕೊಳ್ಳುವವರು ಇನ್ನೂ ಒಂದು ಕೆಲಸ ಮಾಡಬಹುದು. ಭೌಗೋಳಿಕ ಗುರುತು ಊರಿನ ಹೆಸರನ್ನು ಕಾಪಾಡುತ್ತದೆ, ಕುಶಲಕರ್ಮಿಯ ಹೆಸರನ್ನಲ್ಲ. ಮರ ಯಾವುದು, ಕೆತ್ತಿದವರು ಯಾರು ಎಂದು ಅಂಗಡಿಯಲ್ಲಿ ಕೇಳೋಣ. ಆ ಎರಡು ಹೆಸರುಗಳನ್ನು ಆಸನದ ಅಡಿಯಲ್ಲಿ ಕೆತ್ತಿಸಿ ಕೊಡುವಂತೆ ಹೇಳೋಣ. ಅದಕ್ಕೆ ಹೆಚ್ಚು ಖರ್ಚಿಲ್ಲ, ಬಡಗಿಗೆ ಅರ್ಧ ಗಂಟೆಯ ಕೆಲಸ.